ಗುತ್ತಿಗೆಗೆ ಹೋದ ಓಣಿ

ಊರಿನ ಹೇಲು ಎತ್ತುವ ಕೆಲಸವನ್ನು ಗುತ್ತಿಗೆಗೆ ಕೊಡಬೇಕೆಂದು ನಮ್ಮ ಪಂಚಾಯ್ತಿ ಬೋರ್ಡು ಒಮ್ಮತದಿಂದ ತೀರ್ಮಾನ ಮಾಡಿದ ದಿನ ನಾನು ಆ ಕೋಣೆಯ ಬಾಗಿಲಲ್ಲೇ ನಿಂತಿದ್ದೆ. ಸ್ಯಾನಿಟರಿ ಮೇಸ್ತ್ರಿಗೆ ಯಾರೂ ಕುರ್ಚಿ ಹಾಕುವುದಿಲ್ಲ. ಒಳಗೆ ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಅವರಲ್ಲಿ ಒಬ್ಬನಾದರೂ ತನ್ನ ಮನೆಯ ಪಾಯಿಖಾನೆಯ ಹಿಂದಿನ ಸಂದಿಗೆ ಜೀವಮಾನದಲ್ಲಿ ಒಮ್ಮೆಯೂ ಕಾಲಿಟ್ಟವನಲ್ಲ. ಈಗಲೂ ಆ ಚಪ್ಪಾಳೆ ನೆನೆದರೆ ನನಗೆ ಮೈ ಉರಿಯುತ್ತದೆ. ಬರೆಯುತ್ತಿರುವುದೇ ಆ ಉರಿಗೆ.

ಊರಿನ ಹೆಸರು ಹೇಳುವುದಿಲ್ಲ. ಆ ಮನೆಗಳಲ್ಲಿ ಇನ್ನೂ ಜನ ಇದ್ದಾರೆ. ಆದೋನಿಯಿಂದ ಬಸ್ಸಿನಲ್ಲಿ ಗಂಟೆಯ ದಾರಿ ಅಂದರೆ ಸಾಕು. ಆಂಧ್ರ ರಾಜ್ಯ ಹುಟ್ಟಿ, ಬಳ್ಳಾರಿ ಜಿಲ್ಲೆಯಲ್ಲಿದ್ದ ನಾವು ಕರ್ನೂಲು ಜಿಲ್ಲೆಗೆ ಬಂದು ಎರಡು ಮೂರು ವರ್ಷ ಆಗಿರಬೇಕು. ಕಡತ ಇಂಗ್ಲಿಷಿನಲ್ಲಿ, ಭಾಷಣ ತೆಲುಗಿನಲ್ಲಿ, ಬೈಗುಳ ಮಾತ್ರ ಕನ್ನಡದಲ್ಲಿ ನಡೆಯುತ್ತಿದ್ದ ಕಾಲ ಅದು. ನನಗೆ ಮೂರೂ ಬರುತ್ತಿದ್ದವು. ಬಾಯಿ ಬಿಡಬೇಕಾದ ಹೊತ್ತಿಗೆ ಮೂರರಲ್ಲಿ ಒಂದೂ ಬರಲಿಲ್ಲ.

ಪ್ರೆಸಿಡೆಂಟರಿಗೆ ಹತ್ತಿ ಜಿನ್ನಿಂಗ್ ಫ್ಯಾಕ್ಟರಿ ಇತ್ತು. ಬಿಳಿ ಟೋಪಿ, ಗರಿಗರಿ ಖಾದಿ. ಮದರಾಸಿನಿಂದ ಒಂದು ದಿನ ತಡವಾಗಿ ಬರುವ ಇಂಗ್ಲಿಷ್ ಪೇಪರು ಓದಿ, ಅದರಲ್ಲಿದ್ದದ್ದನ್ನು ಮಾರನೆಯ ದಿನ ತಾವೇ ಯೋಚಿಸಿದಂತೆ ಹೇಳುತ್ತಿದ್ದರು. ಸರ್ಕಾರಿ ಕೆಲಸ ಅಂದರೆ ಯಾರದೂ ಅಲ್ಲದ ಕೆಲಸ, ಲಾಭ ಕಾಣುವವನ ಕೈಗೆ ಕೊಟ್ಟರೆ ಮಾತ್ರ ಚೊಕ್ಕಟವಾಗುತ್ತದೆ ಎಂಬುದು ಅವರ ಸಿದ್ಧಾಂತ. ಅವರ ಎದುರು ಕೂರುತ್ತಿದ್ದವರು ಕೆಂಪು ಬಾವುಟದ ಪ್ಲೀಡರು. ಜಿನ್ನಿಂಗ್ ಫ್ಯಾಕ್ಟರಿಯ ಕೂಲಿಗಳ ಸಂಘ ಕಟ್ಟಿ ಪ್ರೆಸಿಡೆಂಟರ ನಿದ್ದೆ ಕೆಡಿಸಿದವರು. ಗುತ್ತಿಗೆದಾರನೆಂದರೆ ರಕ್ತ ಹೀರುವವನು, ಎಲ್ಲ ಕೆಲಸವೂ ಜನರ ಕೈಯಲ್ಲೇ ಇರಬೇಕು ಎಂಬುದು ಅವರ ಸಿದ್ಧಾಂತ. ಕುಡಿಯುವ ನೀರಿನಿಂದ ಹಿಡಿದು ಬೀಡಾಡಿ ದನ ಕೂಡಿಹಾಕುವ ಕೊಂಡವಾಡದವರೆಗೆ ಇಬ್ಬರೂ ಕಚ್ಚಾಡದ ವಿಷಯ ಇರಲಿಲ್ಲ. ಊರಿಗೆ ಅದೇ ಮನರಂಜನೆ.

ಅಂಥ ಇಬ್ಬರನ್ನು ಒಂದು ಮಾಡಿದ್ದು ಜಾಡಮಾಲಿ ಹೆಂಗಸರ ಓಣಿಗಳು.

ಆ ಪದ್ಧತಿ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮೂರಿನ ಮನೆಗಳ ಪಾಯಿಖಾನೆಗಳು ಹಿಂದಿನ ಸಂದಿಗೆ ತೆರೆದುಕೊಳ್ಳುತ್ತಿದ್ದವು. ಗೋಡೆಯ ಬುಡದಲ್ಲಿ ಒಂದು ತಗಡಿನ ಬಾಗಿಲು. ಹೊತ್ತು ಮೂಡುವ ಮೊದಲೇ ಹೆಂಗಸರು ಬಂದು, ತಗಡು ಎತ್ತಿ, ಬೂದಿ ಚೆಲ್ಲಿ, ಚಪ್ಪಟೆ ತಗಡಿನ ರೇಕಿನಿಂದ ಬಾಚಿ ಬುಟ್ಟಿಗೆ ತುಂಬಿ ಓಣಿಯ ತುದಿಯ ಬಂಡಿಗೆ ಹಾಕುತ್ತಿದ್ದರು. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಓಣಿ. ಅದು ತಾಯಿಯಿಂದ ಮಗಳಿಗೆ ಬರುತ್ತಿತ್ತು. ನಮ್ಮವರು ಮಗಳಿಗೆ ಬಂಗಾರ ಹಾಕುವಂತೆ ಅವರು ಮದುವೆಯಲ್ಲಿ ಓಣಿ ಕೊಡುತ್ತಿದ್ದರು. ಓಣಿ ಇರುವ ಹುಡುಗಿಗೆ ದೂರದಿಂದ ಗಂಡು ಬಂದು ಇಲ್ಲೇ ಮನೆ ಮಾಡುತ್ತಿತ್ತು. ಓಣಿಯವರು ಹಬ್ಬಕ್ಕೆ ಹೋಳಿಗೆ ಕೊಡಬೇಕು, ಮನೆಯಲ್ಲಿ ಮದುವೆಯಾದರೆ ಸೀರೆ ಕೊಡಬೇಕು. ಬೋರ್ಡಿನ ಹಾಜರಿ ಪುಸ್ತಕದಲ್ಲಿ ಇದ್ಯಾವುದೂ ಇರಲಿಲ್ಲ. ಅಲ್ಲಿ ಅವರೆಲ್ಲ ಬರೀ ಕೂಲಿಗಳು.

ಇನ್ನೊಂದು ವಿಷಯವೂ ಯಾವ ಪುಸ್ತಕದಲ್ಲೂ ಇರಲಿಲ್ಲ. ಅದು ನನಗೂ ಆ ಹೆಂಗಸರಿಗೂ ಮಾತ್ರ ಗೊತ್ತಿತ್ತು.

ನಮ್ಮ ಕಡೆ ಬೇಸಿಗೆ ಬಂತೆಂದರೆ ಕಾಲರಾ ಎಲ್ಲೋ ಒಂದು ಕಡೆ ತಲೆ ಎತ್ತುತ್ತಿತ್ತು. ಬಂದ ಮನೆಯವರು ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೆ ನಾವು ಹೋಗಿ ಹಾಸಿಗೆ ಸುಡುತ್ತಿದ್ದೆವು, ಬಾಗಿಲಿಗೆ ಸುಣ್ಣ ಬಳಿಯುತ್ತಿದ್ದೆವು, ಬಾವಿಗೆ ಬ್ಲೀಚಿಂಗ್ ಪೌಡರು ಸುರಿಯುತ್ತಿದ್ದೆವು. ಆಮೇಲೆ ಆ ಮನೆಯ ಅಂಗಡಿಗೆ ಗಿರಾಕಿ ಇಲ್ಲ, ಹೆಣ್ಣಿಗೆ ಗಂಡಿಲ್ಲ. ಹಾಗಾಗಿ ಮುಚ್ಚಿಡುತ್ತಿದ್ದರು. ವೈದ್ಯರಿಂದ ಮುಚ್ಚಿಡಬಹುದು, ಬೀಗರಿಂದ ಮುಚ್ಚಿಡಬಹುದು, ತಗಡಿನ ಬಾಗಿಲು ಎತ್ತುವವಳಿಂದ ಮುಚ್ಚಿಡುವುದು ಹೇಗೆ? ಆ ಹೆಂಗಸರಿಗೆ ತಮ್ಮ ಓಣಿಯ ಪ್ರತಿ ಹೊಟ್ಟೆಯೂ ಗೊತ್ತು. ಯಾವ ಮನೆಯ ಮುದುಕನಿಗೆ ಭೇದಿ ದಿನದ ಪಾಡು, ಯಾವ ಮನೆಯಲ್ಲಿ ಅದು ನಿನ್ನೆ ಶುರುವಾದದ್ದು ಎಂಬುದನ್ನು ದಿನವೂ ಅದೇ ತಗಡು ಎತ್ತಿದವಳು ಮಾತ್ರ ಹೇಳಬಲ್ಲಳು. ಬೆಳಗಿನ ಕೆಲಸ ಮುಗಿಸಿ ಬೋರ್ಡಿನ ಆಫೀಸಿನ ಬೇವಿನ ಮರದ ಕೆಳಗೆ ನಿಂತು, ಇಂಥ ಮನೆ ಎಂದು ಮೆಲ್ಲಗೆ ಹೇಳಿ ಹೋಗುತ್ತಿದ್ದರು. ನಾನು ಬಾವಿ ನೋಡಲು ಬಂದವನಂತೆ ಆ ಓಣಿಗೆ ಹೋಗುತ್ತಿದ್ದೆ. ಅಲ್ಲಿ ಇಲ್ಲಿ ಇಣುಕಿ, ಅಕಸ್ಮಾತ್ತಾಗಿ ಕಂಡಂತೆ ಮಾಡಿ, ಅಂದೇ ಸೂಜಿ ಹಾಕುವವರನ್ನು ಕರೆಸುತ್ತಿದ್ದೆ. ಯಾರು ಹೇಳಿದರೆಂದು ಓಣಿಗೆ ಎಂದೂ ಗೊತ್ತಾಗಲಿಲ್ಲ.

ನಾನು ಕೆಲಸಕ್ಕೆ ಸೇರಿದ ಮೇಲೆ ಐದು ಬೇಸಿಗೆ ಕಾಲರಾ ಒಂದು ಮನೆಯಿಂದ ಇನ್ನೊಂದಕ್ಕೆ ದಾಟಿರಲಿಲ್ಲ. ಜಿಲ್ಲೆಯ ಆರೋಗ್ಯಾಧಿಕಾರಿ ಬಂದು ನನ್ನ ಬೆನ್ನು ತಟ್ಟಿದರು. ಪ್ರೆಸಿಡೆಂಟರು ನನ್ನ ಮೂಗು ಬೇಟೆನಾಯಿಯ ಮೂಗೆಂದು ಸಭೆಯಲ್ಲಿ ಹೊಗಳಿದರು. ನಾನು ತಲೆ ತಗ್ಗಿಸಿ ನಕ್ಕೆ. ಮೂಗು ಯಾರದೆಂದು ಹೇಳಲಿಲ್ಲ. ಹೆಂಗಸರಿಗೆ ತೊಂದರೆಯಾಗಬಾರದೆಂದು ಗುಟ್ಟು ಕಾಪಾಡಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಅರ್ಧ ನಿಜ. ಇನ್ನರ್ಧ, ಆ ಹೊಗಳಿಕೆ ನನಗೆ ರುಚಿಸಿತ್ತು.

ಗುತ್ತಿಗೆಯ ಮಾತು ಎತ್ತಿದವರು ಪ್ರೆಸಿಡೆಂಟರು. ತಮ್ಮ ಫ್ಯಾಕ್ಟರಿಯಲ್ಲಿ ಒಬ್ಬ ಕೂಲಿಯ ಜಾಗದಲ್ಲಿ ಇನ್ನೊಬ್ಬ ನಿಂತರೂ ಯಂತ್ರ ನಿಲ್ಲುವುದಿಲ್ಲ, ಇಲ್ಲಿ ಒಬ್ಬಳಿಗೆ ಜ್ವರ ಬಂದರೆ ಒಂದು ಓಣಿಯೇ ನಾರುತ್ತದೆ, ಇದೆಂಥ ವ್ಯವಸ್ಥೆ ಎಂದರು. ಗುತ್ತಿಗೆದಾರ ಎಲ್ಲರನ್ನೂ ಒಂದು ಗುಂಪು ಮಾಡಿ ದಿನಕ್ಕೊಂದು ಓಣಿಗೆ ತಿರುಗಿಸುತ್ತಾನೆ, ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ ಎಂದರು. ಪ್ಲೀಡರು ಎಂದಿನಂತೆ ಎದ್ದು ಗುತ್ತಿಗೆದಾರರ ಜಾತಕ ಬಿಚ್ಚತೊಡಗಿದರು. ನಡುವೆ ಯಾರೋ, ಆ ಹೆಂಗಸರು ಓಣಿಗಳನ್ನು ಮಗಳಿಗೆ ಬಳುವಳಿ ಕೊಡುತ್ತಾರಲ್ಲ, ಅದರ ಗತಿಯೇನು ಎಂದರು. ಪ್ಲೀಡರು ಅಲ್ಲೇ ನಿಂತುಬಿಟ್ಟರು. ಅವರಿಗೆ ಆ ವಿಷಯ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ದುಡಿಯುವವರ ಪರವಾಗಿ ಗಂಟಲು ಹರಿದುಕೊಂಡವರಿಗೆ ತಮ್ಮ ಹಿತ್ತಲಿಗೆ ಬರುವವಳ ಮನೆಯ ಮದುವೆ ಹೇಗೆ ನಡೆಯುತ್ತದೆಂದು ಗೊತ್ತಿರಲಿಲ್ಲ.

ಗೊತ್ತಾದೊಡನೆ ಕೆಂಡವಾದರು. ಮಲ ಹೊರುವುದನ್ನು ಆಸ್ತಿಯಂತೆ ಮಕ್ಕಳಿಗೆ ಹಂಚುವುದೆಂದರೆ ಇದು ಪಾಳೇಗಾರಿಕೆಯ ಕೊನೆಯ ಬೇರು, ಇದನ್ನು ಕೀಳಲೇಬೇಕು ಎಂದರು. ಓಣಿ ಯಾರ ಸ್ವತ್ತೂ ಅಲ್ಲ ಎಂದು ಕರಾರಿನಲ್ಲಿ ಬರೆಯುವುದಾದರೆ ಈ ಒಂದು ಸಲ ಗುತ್ತಿಗೆಗೆ ತಮ್ಮ ಒಪ್ಪಿಗೆ ಇದೆ ಎಂದರು. ಪ್ರೆಸಿಡೆಂಟರಿಗೆ ಬೇಕಾಗಿದ್ದದ್ದೂ ಅದೇ. ಎಂದೂ ಕೈ ಕುಲುಕದ ಇಬ್ಬರೂ ಅಂದು ಕೈ ಕುಲುಕಿದರು. ಆಗ ಬಿದ್ದದ್ದು ಆ ಚಪ್ಪಾಳೆ.

ಪ್ಲೀಡರು ಹೇಳಿದ್ದು ಪೂರ್ತಿ ತಪ್ಪೆಂದು ಇಂದಿಗೂ ಹೇಳಲಾರೆ. ಬುಟ್ಟಿ ಹೊರುವುದನ್ನು ಬಳುವಳಿ ಕೊಡಬೇಕಾದ ಸ್ಥಿತಿಗೆ ಒಂದು ಜನವನ್ನು ತಂದಿಟ್ಟ ಊರಿಗೆ ಬೆಂಕಿ ಹಾಕಬೇಕು. ಆದರೆ ಪ್ಲೀಡರು ಬುಟ್ಟಿ ಕಿತ್ತುಕೊಳ್ಳಲಿಲ್ಲ. ಬುಟ್ಟಿ ಅವರ ತಲೆಯ ಮೇಲೆಯೇ ಉಳಿಯಿತು. ಕಿತ್ತುಕೊಂಡದ್ದು ಓಣಿಯನ್ನು ಮಾತ್ರ.

ಪ್ರೆಸಿಡೆಂಟರು ಹೊರಗೆ ಬಂದವರು ನನ್ನನ್ನು ಕಂಡು, ಮೇಸ್ತ್ರಿ, ನಿನಗೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಕೇಳಲಿಲ್ಲ ಎಂದು ಸುಳ್ಳು ಹೇಳಲಾರೆ, ಕೇಳಿದರು. ತಮ್ಮ ಅಪ್ಪಣೆ ಎಂದೆ. ಹಾಗಾದರೆ ಗುತ್ತಿಗೆಗಾಗಿ ಓಣಿಗಳ ಪಟ್ಟಿ ಮಾಡು ಎಂದರು.

ಪಟ್ಟಿ ಬರೆಯಲು ಕೂತ ದಿನ ನಮ್ಮ ಓಣಿಯವಳು ನನ್ನ ಮನೆಯ ಹಿತ್ತಲಿಗೆ ಬಂದಳು. ನಮ್ಮ ಓಣಿಯವಳು ಅಂದರೆ ನಾನು ವಾಸವಿದ್ದ ಬಾವಿ ಓಣಿ ಯಾರದೋ ಅವಳು. ಐವತ್ತರ ಹತ್ತಿರದ ಹೆಂಗಸು, ಗಂಡ ಸತ್ತು ಬಹಳ ವರ್ಷವಾಗಿತ್ತು. ನನ್ನ ತಾಯಿಯ ವಯಸ್ಸಿನವಳನ್ನು ನಾನು ನೀನು ಎಂದೇ ಕರೆಯುತ್ತಿದ್ದೆ. ಅವಳು ನನ್ನನ್ನು ನೀವು ಎನ್ನುತ್ತಿದ್ದಳು. ಆಗ ಅದು ನನಗೆ ವಿಚಿತ್ರ ಅನಿಸಿರಲಿಲ್ಲ. ಅವಳ ಒಬ್ಬಳೇ ಮಗಳಿಗೆ ಎಮ್ಮಿಗನೂರಿನ ಗಂಡು ಗೊತ್ತಾಗಿತ್ತು. ಹುಡುಗ ಬಂದು ಇಲ್ಲೇ ಇರುವುದು, ಬಾವಿ ಓಣಿ ಮಗಳಿಗೆ ಬರುವುದು ಎಂದು ಹಿರಿಯರ ಎದುರು ಮಾತಾಗಿತ್ತು. ಈಗ ಗುತ್ತಿಗೆಯ ಸುದ್ದಿ ಎಮ್ಮಿಗನೂರಿಗೂ ಮುಟ್ಟಿ, ಓಣಿ ಇದ್ದರೆ ಮದುವೆ, ಇಲ್ಲದಿದ್ದರೆ ನೋಡೋಣ ಎಂದು ಅವರು ಹೇಳಿಕಳಿಸಿದ್ದರು. ಒಂದು ವರ್ಷ ಕಾಯುವುದಾಗಿಯೂ ಹೇಳಿದ್ದರಂತೆ.

ಅವಳು ಕೇಳಿದ್ದು ಒಂದೇ.

“ಪಟ್ಟಿ ಬರ್ಯಾಕ ಹತ್ತೀರಂತ. ಬಾವಿ ಓಣಿ ಮುಂದ ನನ್ನ ಹೆಸರು ಬರೀರಿ ಮೇಸ್ತ್ರಿ. ಬ್ಯಾರೆ ಏನೂ ಬ್ಯಾಡ.”

ಫಾರಮಿನಲ್ಲಿ ಓಣಿ, ಮನೆ, ಪಾಯಿಖಾನೆ, ಬಂಡಿ ಎಂದು ನಾಲ್ಕು ಕಾಲಂ ಇದ್ದವು. ಹೆಸರಿಗೆ ಕಾಲಂ ಇಲ್ಲ ಎಂದೆ. ಪಕ್ಕದಲ್ಲಿ ಬರೆದರೂ ಸಾಕು, ಎಂದಾದರೂ ಯಾರಾದರೂ ಕೇಳಿದರೆ ಕಾಗದದಲ್ಲಿ ಇದೆ ಅನ್ನಬಹುದು ಎಂದಳು. ಆಗ ನನ್ನ ಅಕ್ಕ ಒಳಗಿನಿಂದ ಮಜ್ಜಿಗೆ ತಂದು, ಮೇಲಿನಿಂದ ಅವಳ ಚೊಂಬಿಗೆ ಹೊಯ್ಯುತ್ತಿದ್ದಳು. ಅಕ್ಕ ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ ಬಂದವಳು. ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳೇ.

“ಬರಿಯೋ, ಒಂದು ಹೆಸರಿಗೆ ನಿನ್ನ ಕೈ ಏನ್ ಸವೀತೈತಿ?” ಎಂದಳು ಅಕ್ಕ.

ನಾನು ಅಕ್ಕನ ಮೇಲೆ ಹರಿಹಾಯ್ದೆ. ಆಫೀಸಿನ ಕೆಲಸದಲ್ಲಿ ಬಾಯಿ ಹಾಕಬೇಡ ಎಂದೆ. ಬರೆಯಬಹುದಾಗಿತ್ತು. ಬರೆದಿದ್ದರೆ ಇದೇನು ಎಂದು ಪ್ರೆಸಿಡೆಂಟರು ಕೇಳುತ್ತಿದ್ದರು. ಕೇಳಿದ್ದರೆ ಓಣಿ ಅವಳ ಕೈಯಲ್ಲೇ ಯಾಕಿರಬೇಕೆಂದು ಹೇಳಬೇಕಾಗುತ್ತಿತ್ತು. ಹೇಳಿದ್ದರೆ ಬೇಟೆನಾಯಿಯ ಮೂಗು ನನ್ನದಲ್ಲವೆಂದು ಗೊತ್ತಾಗುತ್ತಿತ್ತು. ಬರೆಯಲಿಲ್ಲ. ಅವಳು ಮಜ್ಜಿಗೆ ಕುಡಿದು, ಚೊಂಬು ಸೆರಗಿನಿಂದ ಒರೆಸಿಕೊಂಡು ಹೋದಳು.

ಗುತ್ತಿಗೆ ಹಿಡಿದವನು ಅದುವರೆಗೆ ರಸ್ತೆಗೆ ಕಲ್ಲು ಒಡೆಸುತ್ತಿದ್ದವನು. ಹೇಲಿಗೂ ಕಲ್ಲಿಗೂ ಅವನಿಗೆ ವ್ಯತ್ಯಾಸ ಇರಲಿಲ್ಲ, ಎರಡೂ ಬಂಡಿಗೆ ತುಂಬುವ ಸಾಮಾನು. ತಾನು ಊರಿಗೆ ಬರುತ್ತಿರಲಿಲ್ಲ, ಒಬ್ಬ ಏಜೆಂಟನನ್ನು ಇಟ್ಟಿದ್ದ. ಏಜೆಂಟ ಬೆಳಿಗ್ಗೆ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ನೀನು ಇಲ್ಲಿಗೆ, ನೀನು ಅಲ್ಲಿಗೆ ಎಂದು ಕೋಲಿನಿಂದ ತೋರಿಸುತ್ತಿದ್ದ. ಇಂದು ಹೋದ ಓಣಿಗೆ ನಾಳೆ ಕಳಿಸುತ್ತಿರಲಿಲ್ಲ. ಮನೆಯವರೊಂದಿಗೆ ಸಲಿಗೆ ಬೆಳೆದರೆ ರೊಟ್ಟಿಗಾಗಿ ನಿಂತು ಹೊತ್ತು ಕಳೆಯುತ್ತಾರೆ ಎಂಬುದು ಅವನ ಕಾರಣ.

ಸುಳ್ಳು ಹೇಳುವುದಿಲ್ಲ, ಊರು ಚೊಕ್ಕಟವಾಯಿತು. ಬಂಡಿಗಳು ಸೂರ್ಯ ಏರುವ ಮುಂಚೆ ಊರಾಚೆ ಹೋಗುತ್ತಿದ್ದವು. ಸಂದಿಗಳ ಅಂಚಿಗೆ ಸುಣ್ಣದ ಗೆರೆ ಬಿತ್ತು. ಪ್ರೆಸಿಡೆಂಟರು ಆದೋನಿಯಿಂದ, ಪೆದ್ದಕಡುಬೂರಿನಿಂದ ದೊಡ್ಡವರನ್ನು ಕರೆಸಿ, ಮೂಗಿಗೆ ಕರವಸ್ತ್ರ ಹಿಡಿಯದೆ ಓಣಿಯಲ್ಲಿ ನಡೆಸಿ ತೋರಿಸಿದರು. ಪ್ಲೀಡರೂ ಜೊತೆಗೇ ನಡೆದರು, ಪಾಳೇಗಾರಿಕೆಯ ಬೇರು ಕಿತ್ತ ಜಾಗ ತೋರಿಸಲು. ನನಗೂ ಕೆಲಸ ಹಗುರವಾಯಿತು. ಓಣಿ ಸ್ವಚ್ಛವಿದೆ ಎಂದು ರುಜು ಹಾಕಿದರೆ ಮುಗಿಯಿತು. ಬೇವಿನ ಮರದ ಕೆಳಗೆ ಈಗ ಯಾರೂ ಬರುತ್ತಿರಲಿಲ್ಲ. ಬರದಿದ್ದದ್ದು ನನಗೆ ಗೊತ್ತಿತ್ತು. ಚಳಿಗಾಲ, ಈಗೇನು ಅವಸರ ಎಂದು ಸುಮ್ಮನಿದ್ದೆ.

ಬೇಸಿಗೆ ಬಂತು. ನಮ್ಮ ಬಾವಿಯ ಎದುರು ಒಬ್ಬ ಬಟ್ಟೆ ವ್ಯಾಪಾರಿಯ ಮನೆ. ಮಗಳ ಮದುವೆಗೆ ಹತ್ತು ದಿನ ಉಳಿದಿತ್ತು. ರಾಯಚೂರು ಕಡೆಯಿಂದ ಮೊದಲೇ ಬಂದಿಳಿದ ನೆಂಟರಲ್ಲಿ ಒಬ್ಬಳಿಗೆ ಭೇದಿ ಹಿಡಿಯಿತು. ಮನೆಯವರು ಬಾಗಿಲು ಹಾಕಿಕೊಂಡು ನಿಂಬೆಹಣ್ಣಿನ ನೀರು ಕುಡಿಸಿದರು. ಅವಳ ಬಟ್ಟೆಗಳನ್ನು ನಸುಕಿನಲ್ಲಿ ಬಾವಿಯ ಕಟ್ಟೆಯ ಮೇಲೆ ಒಗೆದರು. ಹಾಗೆ ನಾಲ್ಕು ದಿನ. ಓಣಿಯೆಲ್ಲ ಆ ಬಾವಿಯ ನೀರು ಕುಡಿಯಿತು. ಆ ನಾಲ್ಕು ದಿನ ನಾಲ್ಕು ಜನ ಬೇರೆ ಬೇರೆ ಹೆಂಗಸರು ಆ ಮನೆಯ ತಗಡು ಎತ್ತಿದ್ದರು.

ಐದನೆಯ ದಿನ ನನಗೆ ಗೊತ್ತಾಯಿತು. ಗೊತ್ತಾದದ್ದು ನನ್ನ ಹಿತ್ತಲಿನಲ್ಲೇ. ಅಕ್ಕ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಮಧ್ಯಾಹ್ನಕ್ಕೆ ಕಣ್ಣು ಗುಳಿ ಬಿದ್ದು, ಕೈಬೆರಳು ನೀರಿನಲ್ಲಿ ನೆನೆದಂತೆ ಸುಕ್ಕಾದವು. ಆದೋನಿಯ ಆಸ್ಪತ್ರೆಗೆಂದು ಬಂಡಿ ಕಟ್ಟಿಸಿದೆ. ಊರು ದಾಟಿ ಕರಿ ಹೊಲಗಳ ನಡುವೆ ಒಂದು ಹರದಾರಿ ಹೋಗಿದ್ದೆವೋ ಇಲ್ಲವೋ, ನೀರು ಕೇಳಿದಳು. ಕುಡಿಸಿದೆ. ನುಂಗಲಿಲ್ಲ. ಬಂಡಿ ತಿರುಗಿಸು ಎಂದು ಗಾಡಿಯವನಿಗೆ ಹೇಳಿದವನು ನಾನೇ. ಐದು ಬೇಸಿಗೆ ಊರನ್ನು ಕಾಯ್ದ ಮೇಸ್ತ್ರಿ, ಮನೆಯೊಳಗಿದ್ದ ಒಬ್ಬಳನ್ನು ಕಾಯಲಿಲ್ಲ. ನನಗೆ ಆಗ ಅಳು ಬರಲಿಲ್ಲ, ಸಿಟ್ಟು ಬಂತು. ವ್ಯಾಪಾರಿಯ ಮೇಲೆ, ಏಜೆಂಟನ ಮೇಲೆ, ಪ್ರೆಸಿಡೆಂಟರ ಮೇಲೆ, ಪ್ಲೀಡರ ಮೇಲೆ. ನನ್ನ ಮೇಲೆ ಬರಲು ಇನ್ನೂ ಸ್ವಲ್ಪ ದಿನ ಹಿಡಿಯಿತು.

ನಮ್ಮ ಓಣಿಯಲ್ಲಿ ಒಟ್ಟು ಎಂಟು ಹೆಣ ಎದ್ದವು. ವ್ಯಾಪಾರಿಯ ಮಗಳ ಮದುವೆಯೂ ನಿಂತಿತು.

ಜಿಲ್ಲೆಯ ಆರೋಗ್ಯಾಧಿಕಾರಿ ಬಂದು ಪ್ರೆಸಿಡೆಂಟರ ಕೋಣೆಯಲ್ಲಿ ವಿಚಾರಣೆ ಮಾಡಿದರು. ಇಷ್ಟು ವರ್ಷ ಮೊದಲನೆಯ ದಿನವೇ ಪತ್ತೆ ಮಾಡುತ್ತಿದ್ದವನಿಗೆ ಈ ಸಲ ಏನಾಗಿತ್ತು ಎಂದು ನನ್ನನ್ನು ಕೇಳಿದರು. ಅಕ್ಕ ಸತ್ತು ಹನ್ನೊಂದು ದಿನ ಆಗಿತ್ತು, ಬೋಳಿಸಿದ ತಲೆಯಲ್ಲೇ ನಿಂತಿದ್ದೆ. ಎಲ್ಲ ಹೇಳಿದೆ. ಬೇವಿನ ಮರ, ಓಣಿಯ ಹೆಂಗಸರು, ತಗಡಿನ ಬಾಗಿಲು, ಬೇಟೆನಾಯಿಯ ಮೂಗು ಯಾರದೆಂಬುದು, ಎಲ್ಲ. ಹೇಳಿ ಮುಗಿಸಿದಾಗ ಎಲ್ಲರೂ ಮೇಜಿನ ಮೇಲಿನ ಕಾಗದಗಳನ್ನು ನೋಡುತ್ತಿದ್ದರು. ನಾಚಿಕೆಯಿಂದ ಮುಖ ತಗ್ಗಿಸಿದ್ದಾರೆಂದು ನಾನು ಭಾವಿಸಿದ್ದೆ. ಅವರು ಯೋಚಿಸುತ್ತಿದ್ದರು.

ಮೊದಲು ಪ್ರೆಸಿಡೆಂಟರು ಮಾತಾಡಿದರು. ಅಷ್ಟೇ ತಾನೇ, ಅದನ್ನೂ ಕರಾರಿಗೆ ಸೇರಿಸೋಣ ಎಂದರು. ಒಬ್ಬೊಬ್ಬಳಿಗೆ ಒಂದೊಂದು ಓಣಿ ಗೊತ್ತು ಮಾಡುವುದು, ದಿನವೂ ಮೇಸ್ತ್ರಿಗೆ ಕಾಯಿಲೆಯ ಸುದ್ದಿ ಹೇಳತಕ್ಕದ್ದು ಎಂದು ಒಂದು ಷರತ್ತು ಬರೆಯುವುದು. ಎತ್ತುವುದೂ ಆಯಿತು, ಹೇಳುವುದೂ ಆಯಿತು, ಗುತ್ತಿಗೆಯೂ ಉಳಿಯಿತು. ಪ್ಲೀಡರು ಅರ್ಧ ಗಂಟೆ ಭಾಷಣ ಮಾಡಿದರು. ಇದು ದುಡಿಯುವವರ ಜ್ಞಾನ, ಇದನ್ನು ಕಡೆಗಣಿಸಿದ್ದೇ ಈ ವ್ಯವಸ್ಥೆಯ ಪಾಪ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಕೊನೆಗೆ ಆ ಜ್ಞಾನಕ್ಕೆ ಅವರು ಸೇರಿಸಿದ ಷರತ್ತು ಇದು: ಓಣಿ ಆಯಾ ಹೆಂಗಸು ಇರುವತನಕ ಮಾತ್ರ, ಮಗಳಿಗೋ ಸೊಸೆಗೋ ದಾಟಿಸುವಂತಿಲ್ಲ. ಬೇರು ಮತ್ತೆ ಚಿಗುರಬಾರದಲ್ಲ. ಇದಕ್ಕೂ ಒಮ್ಮತ. ಈ ಸಲ ಚಪ್ಪಾಳೆ ಇರಲಿಲ್ಲ ಎಂಬುದೊಂದೇ ವ್ಯತ್ಯಾಸ.

ಕಾಗದಗಳನ್ನು ತೆಗೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡು ಬಾ ಎಂದು ನನ್ನನ್ನು ಕಳಿಸಿದರು. ಬಾವಿ ಓಣಿಯವಳ ಮನೆಗೆ ಹೋದಾಗ ಹತ್ತು ಗಂಟೆಯ ಬಿಸಿಲು. ಅಷ್ಟು ವರ್ಷದಲ್ಲಿ ನಾನು ಅವರ ಕೇರಿಯ ಒಳಗೆ ಹೋದದ್ದು ಅದೇ ಮೊದಲು. ಅವಳು ಗೋಡೆಯ ನೆರಳಿನಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಮಗಳು ಬಾಗಿಲಲ್ಲಿ ನಿಂತಿದ್ದಳು. ಎಮ್ಮಿಗನೂರಿನವರು ಹೇಳಿದ ವರ್ಷ ಇನ್ನೂ ಮುಗಿದಿರಲಿಲ್ಲ. ನಾನು ಕಾಗದ ಓದಿ, ಬಾವಿ ಓಣಿ ಮತ್ತೆ ನಿನಗೇ ಬಂತು, ನಿನ್ನ ಹೆಸರೂ ಬರೆದಿದೆ ಎಂದೆ. ಖುಷಿಯಾಗುತ್ತಾಳೆಂದು ಮುಖ ನೋಡಿದೆ.

“ಇದನ್ನ ಮಗಳಿಗೆ ಕೊಡಬೌದೇನು?” ಎಂದು ಕೇಳಿದಳು.

“ಅದು ಆಗಂಗಿಲ್ಲ. ನೀ ಇರೋತನ ನಿಂದು.”

“ಅಂದ್ರ ನಂದಲ್ಲ.”

ಮಗಳು ಒಳಗೆ ಹೋದಳು. ತಾಯಿ ಮೊರದ ಜೋಳವನ್ನು ಒಮ್ಮೆ ಕೇರಿ, ಕಲ್ಲು ಹೆಕ್ಕಿ ಪಕ್ಕಕ್ಕೆ ಎಸೆದಳು.

“ಗುಡಿಸ್ತೀನಿ ಮೇಸ್ತ್ರಿ, ಹೊಟ್ಟಿ ಐತಿ. ಹೇಳಂಗಿಲ್ಲ.”

ಹೇಳಬೇಕೆಂದು ಬರೆದಿದೆ ಎಂದೆ. ಬರೆದವರೇ ಬಂದು ತಗಡು ಎತ್ತಿ ನೋಡಿಕೊಳ್ಳಲಿ ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಎಂಟು ಹೆಣ ಎದ್ದಿವೆ, ನನ್ನ ಅಕ್ಕ ಹೋದಳು, ನಿನಗೆ ಮಜ್ಜಿಗೆ ಹೊಯ್ದವಳು, ನಿನ್ನ ಪರವಾಗಿ ನನ್ನ ಹತ್ತಿರ ಬೈಸಿಕೊಂಡವಳು, ಇನ್ನೂ ನಿನಗೆ ಹಟವೇ ಎಂದು ಕೇರಿಗೆಲ್ಲ ಕೇಳುವಂತೆ ಕೂಗಾಡಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಗೆದ್ದೆ ಅಂದುಕೊಂಡೆ.

“ಆ ಬಟ್ಟಿ ಅಂಗಡಿಯವರ ಮನಿ ಹಿಂದ ಎರಡ್ನೇ ದಿನ ನನ್ನ ಪಾಳಿ ಬಂದಿತ್ತು,” ಎಂದಳು. “ತಗಡು ಎತ್ತಿದ ಕೂಡ್ಲೆ ಗೊತ್ತಾತು. ಏಜೆಂಟಗ ಹೇಳಿದೆ. ನೀ ಪನಿ ಎತ್ತಡಂ, ಚೆಪ್ಪಡಂ ಕಾದು ಅಂದ. ಎತ್ತೂದು ನಿನ್ನ ಕೆಲಸ, ಹೇಳೂದಲ್ಲ ಅಂತ.”

ಎರಡನೆಯ ದಿನ. ಅಕ್ಕ ಮಲಗಿದ್ದು ಐದನೆಯ ದಿನ. ನಡುವೆ ಮೂರು ದಿನ ಇತ್ತು. ಬಾವಿಗೆ ಪೌಡರು ಹಾಕಲು ನನಗೆ ಅರ್ಧ ಗಂಟೆ ಸಾಕಿತ್ತು.

“ನನ್ನ ಹತ್ರ ಯಾಕ ಬರಲಿಲ್ಲ ನೀನು?”

“ಬಂದಿದ್ದೆ. ನಿಮ್ಮ ಹಿತ್ತಲ ಬಾಗಲತನ ಬಂದಿದ್ದೆ. ನೀವು ಇರಲಿಲ್ಲ. ಅಕ್ಕಮ್ಮ ಇದ್ರು, ಏನ್ ಬೇಕಿತ್ತಬೇ ಅಂತ ಕೇಳಿದ್ರು. ಹೇಳಬೇಕಂದೆ. ನೀವು ಬರ್ದ ಪಟ್ಟಿ ಕಣ್ಮುಂದ ಬಂತು. ಓಣಿ ನಂದಲ್ಲಂದ ಮ್ಯಾಲೆ ಅದರ ಸುದ್ದಿ ನಂದು ಹೆಂಗ ಆಗತೈತಿ? ಏನಿಲ್ಲಮ್ಮ ಅಂದು ತಿರುಗಿ ಬಂದೆ.”

ಹೇಳುತ್ತ ಅವಳು ಅತ್ತಳು. ನಾನು ಅಳಲಿಲ್ಲ. ಅವಳ ಕೆನ್ನೆಗೆ ಹೊಡೆಯಬೇಕು ಅನಿಸಿತು. ಹೊಡೆಯಲು ನನಗೆ ಮುಖವಿಲ್ಲ ಎಂದೂ ಅನಿಸಿತು. ಎರಡೂ ಒಟ್ಟಿಗೆ ಅನಿಸಿದವು. ಮಸಿಯ ಡಬ್ಬಿ ತೆಗೆದು ಮುಂದಿಟ್ಟೆ. ಕಣ್ಣು ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದಳು.

ಎಮ್ಮಿಗನೂರಿನವರು ಆ ವರ್ಷ ಮುಗಿಯುವ ಮುನ್ನವೇ ದೇವನಕೊಂಡದ ಕಡೆ ಬೇರೆ ಹೆಣ್ಣು ತಂದುಕೊಂಡರು. ಮಗಳು ಪ್ರೆಸಿಡೆಂಟರ ಫ್ಯಾಕ್ಟರಿಯಲ್ಲಿ ಹತ್ತಿ ಹಸನು ಮಾಡುವ ಕೂಲಿಗೆ ಸೇರಿದಳು. ತಾಯಿ ಬಾವಿ ಓಣಿಗೆ ಬಂದಳು. ಕರಾರಿನ ಪ್ರಕಾರ ದಿನವೂ ಕೆಲಸ ಮುಗಿಸಿ ನನ್ನ ಮುಂದೆ ಬಂದು ನಿಲ್ಲುತ್ತಿದ್ದಳು. ನಾನು ಏನೂ ಕೇಳುತ್ತಿರಲಿಲ್ಲ, ಅವಳು ಏನೂ ಹೇಳುತ್ತಿರಲಿಲ್ಲ. ಅವಳು ಹೋದ ಮೇಲೆ ನಾನು ಬಾವಿ ಓಣಿಯಲ್ಲಿ ಕಾಯಿಲೆ ಇಲ್ಲ ಎಂದು ಬರೆದು, ರುಜು ಹಾಕಿ, ಬೋರ್ಡಿಗೆ ಕಳಿಸುತ್ತಿದ್ದೆ.